ಎರಡೂ ಮೂರೂ ಐದು

ಎಳೆಯ ಮಕ್ಕಳಿಗೆ ಕೂಡುವ ಲೆಕ್ಕವನ್ನು ಕಲಿಸುವುದು ಹೇಗೆಂಬ ಪ್ರಶ್ನೆಯು ತತ್ತ್ವವಿಚಾರಕ್ಕೆ ಅರ್ಹವಾದುದಲ್ಲವೆಂದು ಕೆಲವರು ಭಾವಿಸಬಹುದು. ಅದು ಉಪಾಧ್ಯಾಯರ ಕೆಲಸ, ಇಲ್ಲವೆ ತಾಯಂದಿರ ಕೆಲಸ; ಹಿಡಿ ಹುಣಸೆಯ ಬೀಜದಿಂದ ಮುಗಿದುಹೋಗುವ ಕೆಲಸ. ಧರ್ಮಾಧರ್ಮಗಳ ವಿವೇಚನೆಗೂ ಅದಕ್ಕೂ ಏನು ಸಂಬಂಧವೆಂದು ತೋರುವುದು ಸಹಜವೇ ಸರಿ. ಆದರೆ "ಎರಡೂ ಮೂರೂ ಐದು" ಎಂದು ನಾವು ಮಗುವಿಗೆ ಹೇಳಿಕೊಟ್ಟಾಗ, ಅದು ಆ ಮಾತನ್ನು ಯಾವ ಆಧಾರದ ಮೇಲೆ ನಂಬುತ್ತದೆ? ನಾವು ಹೇಳಿದೆವೆಂದು ನಂಬುತ್ತದೆಯೆ, ತಾನು ಕಂಡೆನೆಂದು ನಂಬುತ್ತದೆಯೆ? ಈ ಪ್ರಶ್ನೆಯನ್ನು ಕೇಳಿಕೊಂಡೊಡನೆ ವಿಷಯವು ಮೊದಲಿನಷ್ಟು ಸಣ್ಣದಾಗಿ ಉಳಿಯುವುದಿಲ್ಲ.

ಮಗುವು ತಿಳಿದಿರುವ ಸಂಗತಿಗಳಲ್ಲಿ ಬಹುಪಾಲು ಹಿರಿಯರ ಮಾತಿನಿಂದ ಬಂದವು. ತನ್ನ ಹೆಸರು, ತಾನು ಹುಟ್ಟಿದ ದಿನ, ಯಾರು ಚಿಕ್ಕಪ್ಪ, ಯಾರು ಸೋದರಮಾವ, ಯಾವ ಕಾಯಿ ವಿಷ, ಯಾವ ದೇವರಿಗೆ ಯಾವ ದಿನ, ಇವೆಲ್ಲವನ್ನೂ ಅದು ಕೇಳಿ ತಿಳಿದದ್ದೇ ಹೊರತು ಪರೀಕ್ಷಿಸಿ ತಿಳಿದದ್ದಲ್ಲ. ಪರೀಕ್ಷಿಸುವ ಶಕ್ತಿಯೂ ಅದಕ್ಕಿಲ್ಲ. ಕೂಡುವ ಲೆಕ್ಕವು ಹಾಗಲ್ಲ. ಹಿರಿಯರ ಮಾತು ನಿಜವೋ ಅಲ್ಲವೋ ಎಂಬುದನ್ನು ಐದು ವರ್ಷದ ಮಗುವು ತನ್ನ ಬೆರಳಿನಿಂದಲೇ ಮುಟ್ಟಿ ತೀರ್ಮಾನಿಸಬಹುದಾದ ಮೊದಲ ಸಂಗತಿಗಳಲ್ಲಿ ಅದೂ ಒಂದು. ಆದಕಾರಣ ಈ ಪಾಠವನ್ನು ನಾವು ಕೊಡುವ ರೀತಿಯಲ್ಲಿ, ಸತ್ಯಕ್ಕೂ ಮಗುವಿಗೂ ನಡುವೆ ನಮ್ಮ ಸ್ಥಾನವೇನೆಂಬುದು ನಿರ್ಣಯವಾಗುತ್ತದೆ.

ಪಾವಗಡದ ಸೀಮೆಯಲ್ಲಿ ಈ ಪಾಠಕ್ಕೆ ಬೇಕಾದ ಸಾಮಗ್ರಿಗೆ ಬಡತನವಿಲ್ಲ. ಮಳೆಗೆ ಬಡತನವುಂಟು, ಕಲ್ಲಿಗಿಲ್ಲ. ಕೋಟೆಯ ಬೆಟ್ಟದ ಬುಡದಿಂದ ಹೊಲದ ಬದುವಿನವರೆಗೆ ಹರಳು ಬೇಕಾದಷ್ಟು. ಹುಣಸೆಯ ಬೀಜ, ಹೊಂಗೆಯ ಬೀಜ, ಬಳೆಯ ಚೂರು, ಎಲ್ಲಕ್ಕಿಂತ ಹೆಚ್ಚಾಗಿ ಈ ಕೆಂಪು ನೆಲದ ಬೆಳೆಯಾದ ಕಡಲೆಕಾಯಿ, ಇವು ಯಾವ ಮನೆಯ ಅಂಗಳದಲ್ಲಿ ದೊರೆಯುವುದಿಲ್ಲ? ಎರಡು ಕಡಲೆಕಾಯನ್ನು ಒಂದು ಕಡೆ, ಮೂರನ್ನು ಇನ್ನೊಂದು ಕಡೆ ಇಟ್ಟು, ಮಗುವು ಒಂದೊಂದನ್ನೂ ಮುಟ್ಟಿ ಎಣಿಸಲಿ; ಅನಂತರ ಎರಡು ಗುಂಪನ್ನೂ ಅಂಗೈಯಿಂದ ಒಂದು ಮಾಡಿ ಮತ್ತೆ ಎಣಿಸಲಿ. ಇದಕ್ಕಿಂತ ಹೆಚ್ಚಿನ ಸಲಕರಣೆಯೇನೂ ಬೇಕಿಲ್ಲ. ಜರ್ಮನಿಯಲ್ಲಿ ಫ್ರೋಬೆಲನು ೧೮೩೭ರಲ್ಲಿ ತೆರೆದ ಶಿಶುಶಾಲೆಯಲ್ಲಿ ಮರದ ಗುಂಡು, ಘನಗಳನ್ನು ಮಕ್ಕಳ ಕೈಗೆ ಕೊಟ್ಟನು. ರೋಮಿನಲ್ಲಿ ೧೯೦೭ರಲ್ಲಿ ಶಿಶುಗೃಹವನ್ನು ಆರಂಭಿಸಿ, ೧೯೩೯ರಲ್ಲಿ ಮದರಾಸಿಗೆ ಬಂದು ನಮ್ಮ ದೇಶದಲ್ಲಿ ಹಲವು ವರ್ಷವಿದ್ದ ಮರಿಯಾ ಮಾಂಟೆಸೊರಿಯವರು ತಂತಿಗೆ ಹತ್ತು ಮಣಿ ಪೋಣಿಸಿ ದಶಕವನ್ನು ತೋರಿಸಿದರು. ಏಳೇಳು ಗುಳಿಗಳ ಎರಡು ಸಾಲುಳ್ಳ ಅಳಿಗುಳಿ ಮಣೆಯ ಮುಂದೆ ಮೊಮ್ಮಕ್ಕಳನ್ನು ಕೂಡಿಸಿಕೊಂಡು ಬೀಜ ಹಂಚುತ್ತಿದ್ದ ನಮ್ಮ ಅಜ್ಜಿಯರೂ, ಪಾಠವೆಂಬ ಹೆಸರಿಲ್ಲದೆ, ಇದೇ ಪಾಠವನ್ನು ಹೇಳುತ್ತಿದ್ದರು. ೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾಗಿ ೨೦೦೯-೧೦ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ 'ನಲಿ-ಕಲಿ' ಪದ್ಧತಿಯಲ್ಲಿ ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ ಕುಳಿತು ಕೈಯಿಂದ ಮಾಡಿ ಕಲಿಯುವುದಕ್ಕೆ ಅವಕಾಶವಾಯಿತು. ಹೀಗಾಗಿ ಪದ್ಧತಿಯು ಹೊಸದಲ್ಲ. ಅದರ ಅರ್ಥವನ್ನು ಮಾತ್ರ ನಾವು ಸಾಕಷ್ಟು ಆಲೋಚಿಸಿಲ್ಲ.

ಇದಕ್ಕೆ ಎದುರಾಗಿ ನಿಲ್ಲತಕ್ಕದ್ದು ಹಳೆಯ ಕೂಲಿಮಠದ ಪದ್ಧತಿ. ಮರಳಿನ ಮೇಲೆ ಬೆರಳಿನಿಂದ ಅಂಕಿ ತಿದ್ದಿಸಿ, ಸಂಜೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಒಬ್ಬನು ಹೇಳಿದುದನ್ನು ಉಳಿದವರು ಒಕ್ಕೊರಲಿನಿಂದ ಹೇಳುವಂತೆ ಮಗ್ಗಿಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಒಂದರ ಮಗ್ಗಿ, ಎರಡರ ಮಗ್ಗಿಗಳಲ್ಲದೆ ಕಾಲು, ಅರೆ, ಮುಕ್ಕಾಲುಗಳ ಮಗ್ಗಿಗಳೂ ಇದ್ದವು. ಈ ಪದ್ಧತಿಯನ್ನು ಹಾಸ್ಯ ಮಾಡುವುದು ಸುಲಭ, ನ್ಯಾಯವಲ್ಲ. ೧೯೫೭ರ ಏಪ್ರಿಲ್ ೧ಕ್ಕೆ ಮುಂಚೆ ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಕಾಸುಗಳಿದ್ದ ಕಾಲದಲ್ಲಿ ಸಂತೆಗೆ ಹೋಗಿ ಬರುವವನಿಗೆ ಕಡಲೆಕಾಯನ್ನು ಹರವಿಕೊಂಡು ಎಣಿಸುವ ಪುರಸತ್ತಿರಲಿಲ್ಲ. ಬಾಯಲ್ಲಿದ್ದ ಮಗ್ಗಿಯೇ ಅವನ ಆಯುಧ. ಆ ಮಠಗಳಲ್ಲಿ ಕಲಿತವರು ಮನಸ್ಸಿನಲ್ಲಿಯೇ ಮಾಡುತ್ತಿದ್ದ ಲೆಕ್ಕಗಳನ್ನು ಇಂದಿನ ಪದವೀಧರರು ಕಾಗದದ ಮೇಲೆ ಮಾಡಲು ತಡವರಿಸುವುದುಂಟು. ಹಾಗಿದ್ದ ಮೇಲೆ ಆಕ್ಷೇಪವೇನು? ಬಾಯಿಪಾಠವಾದುದು ತಪ್ಪಾಗಿದ್ದರೆ ಅದನ್ನು ಕಂಡುಹಿಡಿಯುವ ಉಪಾಯವು ಬಾಯಿಪಾಠದೊಳಗೆ ಇರುವುದಿಲ್ಲ, ಆಕ್ಷೇಪವು ಇಷ್ಟೆ. ಗುರುವು ತಪ್ಪಿ "ಎರಡೂ ಮೂರೂ ಆರು" ಎಂದಿದ್ದರೆ ಇಡೀ ಸಾಲು ಅದೇ ರಾಗದಲ್ಲಿ "ಆರು" ಎನ್ನುತ್ತಿತ್ತು.

ಆದರೆ ಎಣಿಸುವ ಮಗುವು ಹಾಗೆನ್ನದು. ಮಗುವಿನಲ್ಲಿ ಈ ಸಾಕ್ಷಿಪ್ರಜ್ಞೆಯು ಮಾತು ಬರುವುದಕ್ಕೆ ಮೊದಲೇ ಇರುವಂತೆ ತೋರುತ್ತದೆ. ೧೯೯೨ರಲ್ಲಿ ಕರೆನ್ ವಿನ್ ಎಂಬ ವಿದುಷಿಯು ಐದು ತಿಂಗಳ ಶಿಶುಗಳ ಮುಂದೆ ಒಂದು ಬೊಂಬೆಯನ್ನಿಟ್ಟು, ಅದಕ್ಕೆ ತೆರೆ ಹಿಡಿದು, ಮತ್ತೊಂದು ಬೊಂಬೆಯನ್ನು ತೆರೆಯ ಹಿಂದಕ್ಕೆ ಸೇರಿಸುವುದನ್ನು ತೋರಿಸಿದರು. ತೆರೆಯನ್ನು ತೆಗೆದಾಗ ಎರಡರ ಬದಲು ಒಂದೇ ಬೊಂಬೆಯು ಕಂಡರೆ ಶಿಶುಗಳು ಹೆಚ್ಚು ಹೊತ್ತು ದಿಟ್ಟಿಸಿ ನೋಡುತ್ತಿದ್ದುವು. ಆ ನೋಟದಿಂದ ಎಷ್ಟನ್ನು ಊಹಿಸಬಹುದೆಂಬ ವಿಷಯದಲ್ಲಿ ಪಂಡಿತರಲ್ಲಿ ಚರ್ಚೆ ನಡೆದಿದೆ. ಆದರೂ ಒಂದಕ್ಕೆ ಒಂದು ಸೇರಿದ ಮೇಲೆ ಒಂದೇ ಉಳಿದರೆ ಏನೋ ತಪ್ಪಿದೆಯೆಂಬ ಸಂದೇಹವು, ನಾವು ಹೇಳಿಕೊಡುವುದಕ್ಕೆ ಮುಂಚೆಯೇ ಅಲ್ಲಿ ಮೊಳೆತಿರುವಂತೆ ಕಾಣುತ್ತದೆ.

ಈ ಸಂದೇಹವನ್ನು ಬೆಳೆಸುವುದೂ ನಮ್ಮ ಕೈಯಲ್ಲಿದೆ. ಹೊಸಕಿಹಾಕುವುದೂ ನಮ್ಮ ಕೈಯಲ್ಲಿಯೇ ಇದೆ. ಅದು ಹೇಗೆಂಬುದಕ್ಕೆ ಒಂದು ನಿದರ್ಶನವನ್ನು ವಾಚಕರು ಗಮನಿಸಬೇಕು. ಸ್ವಿಟ್ಜರ್ಲೆಂಡಿನ ಪಿಯಾಜೆಯು ಮಕ್ಕಳ ಮುಂದೆ ಸಮಸಂಖ್ಯೆಯ ಎರಡು ಸಾಲುಗಳನ್ನಿಟ್ಟು, ಎರಡೂ ಸಮವೆಂದು ಅವರು ಒಪ್ಪಿದ ಮೇಲೆ, ಒಂದು ಸಾಲನ್ನು ಅಗಲವಾಗಿ ಹರಡಿ ಮತ್ತೆ ಅದೇ ಪ್ರಶ್ನೆಯನ್ನು ಕೇಳುತ್ತಿದ್ದನು. ಐದಾರು ವರ್ಷದ ಅನೇಕ ಮಕ್ಕಳು ಅಗಲವಾದ ಸಾಲಿನಲ್ಲಿಯೇ ಹೆಚ್ಚೆನ್ನುತ್ತಿದ್ದರು. ಸಂಖ್ಯೆಯು ಸ್ಥಿರವೆಂಬ ಜ್ಞಾನವು ಆ ವಯಸ್ಸಿನಲ್ಲಿ ಇನ್ನೂ ಹುಟ್ಟಿಲ್ಲವೆಂದು ಅವನು ೧೯೪೧ರ ತನ್ನ ಗ್ರಂಥದಲ್ಲಿ ನಿರ್ಣಯಿಸಿದನು. ಆದರೆ ೧೯೭೦ರ ದಶಕದಲ್ಲಿ ಸ್ಕಾಟ್ಲೆಂಡಿನ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಎಂಬಿಬ್ಬರು ಸಾಲನ್ನು ತಾವು ಕೆಡಿಸದೆ, ಒಂದು ತುಂಟ ಕರಡಿಬೊಂಬೆಯು ಬಂದು ಕೆಡಿಸಿದಂತೆ ಆಟ ಹೂಡಿದರು. ಆಗ ಬಹಳ ಹೆಚ್ಚು ಮಕ್ಕಳು "ಎರಡೂ ಸಮ" ಎಂದು ಸರಿಯಾಗಿ ಹೇಳಿದರು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ದೊಡ್ಡವರು ಬೇಕೆಂದು ಒಂದು ಕೆಲಸ ಮಾಡಿ, ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳಿದರೆ, ಮೊದಲಿನ ಉತ್ತರವು ಅವರಿಗೆ ಸಮ್ಮತವಾಗಲಿಲ್ಲವೆಂದು ಮಗುವು ತಿಳಿಯುತ್ತದೆ; ತನ್ನ ಕಣ್ಣನ್ನು ಬಿಟ್ಟು ಅವರ ಮುಖವನ್ನು ಓದುತ್ತದೆ. ನಮ್ಮ ಮನೆಗಳಲ್ಲಿ ಇದು ದಿನವೂ ನಡೆಯುವುದಿಲ್ಲವೆ? ಮಗು "ಐದು" ಎನ್ನುತ್ತದೆ, ತಂದೆಯು ಹುಬ್ಬೇರಿಸಿ "ಎಷ್ಟು?" ಎನ್ನುತ್ತಾನೆ; ಮಗು ಒಡನೆ "ಆರು" ಎನ್ನುತ್ತದೆ. ಅಲ್ಲಿ ತಪ್ಪಿದ್ದು ಲೆಕ್ಕವಲ್ಲ. ಸತ್ಯವನ್ನು ಹಿರಿಯರ ಮುಖದಲ್ಲಿ ಹುಡುಕಬೇಕೆಂಬ ಪಾಠವನ್ನು ಮಗುವು ಬಹು ಚೆನ್ನಾಗಿ ಕಲಿತುಕೊಂಡಿದೆ.

ಇಲ್ಲಿ ತತ್ತ್ವಜ್ಞರ ಒಂದು ಬಲವಾದ ಆಕ್ಷೇಪವಿದೆ. ಎರಡೂ ಮೂರೂ ಐದೆಂಬ ಸತ್ಯವು ಕಡಲೆಕಾಯಿಯಲ್ಲಿ ಇದೆಯೆ? ಇಂಗ್ಲೆಂಡಿನ ಮಿಲ್ಲನು ತನ್ನ ೧೮೪೩ರ ತರ್ಕಗ್ರಂಥದಲ್ಲಿ, ಇಂತಹ ಸತ್ಯಗಳು ಹರಳು ಮೊದಲಾದ ವಸ್ತುಗಳನ್ನು ಬೇರ್ಪಡಿಸಿ ಕೂಡಿಸಿದ ಅನುಭವದಿಂದಲೇ ಬಂದವೆಂದು ವಾದಿಸಿದನು. ಜರ್ಮನಿಯ ಫ್ರೆಗೆಯು ೧೮೮೪ರಲ್ಲಿ ಇದನ್ನು ಪರಿಹಾಸ್ಯ ಮಾಡಿದನು. ಲೋಕದ ವಸ್ತುಗಳೆಲ್ಲ ಮೊಳೆ ಹೊಡೆದು ನಿಲ್ಲಿಸಿದಂತೆ ಕದಲದೆ ಇದ್ದಿದ್ದರೆ ಎರಡೂ ಒಂದೂ ಮೂರಾಗುತ್ತಿರಲಿಲ್ಲವೇನೆಂದು ಅವನ ಪ್ರಶ್ನೆ. ನಮ್ಮ ಸೀಮೆಯ ಅನುಭವವೂ ಫ್ರೆಗೆಯ ಪಕ್ಷವನ್ನೇ ಹಿಡಿಯುತ್ತದೆ. ಒಂದು ಸೇರು ಕಡಲೆಕಾಯಿಗೆ ಒಂದು ಸೇರು ರಾಗಿಯನ್ನು ಬೆರೆಸಿ ಅಳೆದು ನೋಡಿರಿ. ಎರಡು ಸೇರು ಆಗುವುದಿಲ್ಲ. ರಾಗಿಯು ಕಾಯಿಗಳ ಸಂದುಗಳಲ್ಲಿ ಇಳಿದುಹೋಗುತ್ತದೆ. ಎರಡು ಹನಿ ನೀರು ಕೂಡಿದರೆ ಒಂದೇ ಹನಿ. ಇದನ್ನು ಕಂಡು ಒಂದೂ ಒಂದೂ ಎರಡಲ್ಲವೆಂದು ಯಾರೂ ಹೇಳುವುದಿಲ್ಲ. ಅಳೆಯುವುದು ಬೇರೆ, ಎಣಿಸುವುದು ಬೇರೆ ಎನ್ನುತ್ತೇವೆ. ಎಂದರೆ ಸಂಖ್ಯೆಯ ಸತ್ಯವು ಕಾಯಿಯ ವಶದಲ್ಲಿಲ್ಲ. ಯಾವ ಸಂದರ್ಭದಲ್ಲಿ ಕಾಯಿಯು ಸಾಕ್ಷಿಯಾಗಬಲ್ಲದೆಂಬುದನ್ನು ನಿರ್ಣಯಿಸುವುದೂ ಬುದ್ಧಿಯೇ.

ಸಂಖ್ಯೆಯು ಮಾತಿನ ವಶದಲ್ಲಿಯೂ ಇಲ್ಲ. ಇದನ್ನು ತಿಳಿಯುವ ಸೌಕರ್ಯವು ಪಾವಗಡದ ಮಕ್ಕಳಿಗೆ ಇರುವಷ್ಟು ಬೇರೆಯವರಿಗಿಲ್ಲ. ತಾಲ್ಲೂಕಿನ ಮೂರು ಕಡೆ ಆಂಧ್ರದ ಗಡಿ. ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಅಂಗಳದಲ್ಲಿ "ಒಕಟಿ, ರೆಂಡು, ಮೂಡು, ನಾಲುಗು" ಎಂದು ಎಣಿಸಿದ ಮಗುವು ಶಾಲೆಯಲ್ಲಿ "ಒಂದು, ಎರಡು, ಮೂರು, ನಾಲ್ಕು" ಎನ್ನುತ್ತದೆ. ಎರಡು ದಾರಿಗಳೂ "ಐದು" ಎಂಬಲ್ಲಿ ಒಂದೇ ಮಾತಿನಲ್ಲಿ ಬಂದು ಸೇರುತ್ತವೆ. ದಾರಿಯ ಹೆಸರು ಬದಲಾದರೂ ಊರು ಬದಲಾಗಲಿಲ್ಲವೆಂಬುದನ್ನು ಮಗುವು ಯಾವ ಉಪನ್ಯಾಸವೂ ಇಲ್ಲದೆ ಅರಿಯುತ್ತದೆ. ಮನೆಯ ಮಾತಿನಲ್ಲಿ ಎಣಿಸಿತೆಂದು ಆ ಮಗುವನ್ನು ಗದರುವ ಉಪಾಧ್ಯಾಯನು ಭಾಷೆಯನ್ನೇನೋ ತಿದ್ದಿದನು. ಆದರೆ ಸಂಖ್ಯೆಯು ಭಾಷೆಗೂ ಮೀರಿದುದೆಂಬ ದೊಡ್ಡ ವಿಚಾರವನ್ನು ಅದರ ಕೈಯಿಂದ ಕಿತ್ತುಕೊಂಡನು.

ಹಾಗಾದರೆ ಕಾಯಿ, ಕಲ್ಲುಗಳ ಪ್ರಯೋಜನವೇನು? ಅವು ಸತ್ಯದ ಪ್ರಮಾಣವಲ್ಲದಿದ್ದರೂ ಮಗುವಿಗೆ ಪ್ರಮಾಣದ ಕಡೆಗೆ ತಿರುಗಲು ದೊರೆಯುವ ಅವಕಾಶ. ನಮ್ಮ ಮಾತಿಗೂ ಮಗುವಿಗೂ ನಡುವೆ ಮೂರನೆಯದೊಂದು ವಸ್ತುವನ್ನು ಇಟ್ಟು, "ನನ್ನನ್ನು ಕೇಳಬೇಡ, ಅದನ್ನು ಕೇಳು" ಎಂದು ನಾವು ಹೇಳುವುದರಲ್ಲಿಯೇ ಈ ಪಾಠದ ನೀತಿಯಿದೆ.

ಕಾಯಿಯನ್ನು ಎಲ್ಲಿಯವರೆಗೆ ಇಟ್ಟುಕೊಳ್ಳಬೇಕು? ಮಕ್ಕಳ ಕ್ರಮವನ್ನು ಗಮನಿಸಿದವರು ಕೆಲವು ಮೆಟ್ಟಿಲುಗಳನ್ನು ಕಂಡಿದ್ದಾರೆ. ಮೊದಮೊದಲು ಮಗುವು ಐದು ಕಾಯಿಗಳನ್ನು ಎಣಿಸಿ ಮುಗಿಸುತ್ತದೆ, "ಹಾಗಾದರೆ ಎಷ್ಟು?" ಎಂದು ಕೇಳಿದರೆ ಮತ್ತೆ ಒಂದರಿಂದ ಎಣಿಸತೊಡಗುತ್ತದೆ. ಕೊನೆಯಲ್ಲಿ ಹೇಳಿದ ಮಾತೇ ಇಡೀ ಗುಂಪಿನ ಲೆಕ್ಕವೆಂಬುದು ಅದಕ್ಕಿನ್ನೂ ಹೊಳೆದಿಲ್ಲ. ಅದು ಹೊಳೆದ ಮೇಲೆ ಎರಡು ಗುಂಪನ್ನೂ ಕೂಡಿಸಿ ಒಂದರಿಂದ ಐದರವರೆಗೆ ಎಣಿಸುತ್ತದೆ. ಬಳಿಕ ಒಂದು ದಿನ, ಯಾರೂ ಹೇಳಿಕೊಡದೆಯೇ, ಮೂರನ್ನು ಮನಸ್ಸಿನಲ್ಲಿಟ್ಟುಕೊಂಡು "ನಾಲ್ಕು, ಐದು" ಎಂದು ಮುಂದುವರಿಯುತ್ತದೆ. ಕೊನೆಗೆ ಎಣಿಸುವುದೇ ಬೇಡವಾಗಿ ಉತ್ತರವು ನೆನಪಿನಲ್ಲಿ ನೆಲಸುತ್ತದೆ. ಕೂಲಿಮಠದ ಬಾಯಿಪಾಠಕ್ಕೆ ಸರಿಯಾದ ಸ್ಥಾನವು ಇಲ್ಲಿ: ತಾನು ಕಂಡುದನ್ನು ಬೇಗ ನೆನೆಯುವುದಕ್ಕೆ ಅದು ಬೇಕು, ಕಾಣುವುದಕ್ಕೆ ಬದಲಾಗಿ ಅದು ಸಲ್ಲದು. ಕಾಯಿಯನ್ನು ಆತುರದಿಂದ ಕಿತ್ತುಕೊಳ್ಳುವುದು ಹೇಗೆ ತಪ್ಪೋ, ಬೇಡವಾದ ಮೇಲೆಯೂ ಕೈಯಲ್ಲಿ ತುರುಕುವುದು ಹಾಗೆಯೇ ತಪ್ಪು.

ಕಾಯಿಯಿಂದ ಕಾಗದಕ್ಕೆ ಹೋಗುವ ದಾರಿಯು ತಾನಾಗಿಯೇ ತೆರೆಯುವುದೆಂದು ಮಾತ್ರ ನಂಬಬಾರದು. ಬ್ರೆಜಿಲಿನ ರೆಸಿಫೆ ನಗರದಲ್ಲಿ ಬೀದಿಯಲ್ಲಿ ಮಾರುತ್ತಿದ್ದ ಐವರು ಮಕ್ಕಳನ್ನು ಪರೀಕ್ಷಿಸಿ ೧೯೮೫ರಲ್ಲಿ ಪ್ರಕಟಿಸಿದ ವರದಿಯಂತೆ, ಅವರು ವ್ಯಾಪಾರದ ನಡುವೆ ನೂರಕ್ಕೆ ೯೮ ಲೆಕ್ಕಗಳನ್ನು ಸರಿಯಾಗಿ ಮಾಡಿದರು; ಅಂತಹವೇ ಲೆಕ್ಕಗಳನ್ನು ಬರಿಯ ಅಂಕಿಗಳಲ್ಲಿ ಬರೆದು ಕೊಟ್ಟಾಗ ನೂರಕ್ಕೆ ೩೭ ಮಾತ್ರ ಸರಿಯಾದುವು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮೊದಲಾದವರು ಕಲ್ಕತ್ತೆ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳನ್ನು ಪರಿಶೀಲಿಸಿ ೨೦೨೫ರಲ್ಲಿ ಪ್ರಕಟಿಸಿದ ಫಲವೂ ಹೀಗೆಯೇ ಇದೆ. ಸಂತೆಯಲ್ಲಿ ಚುರುಕಾದವರು ಪಾಠಶಾಲೆಯ ಲೆಕ್ಕದಲ್ಲಿ ಸೋತರು. ಪಾಠಶಾಲೆಯವರು ಸಂತೆಯ ಲೆಕ್ಕದಲ್ಲಿ ಸೋತರು. ಆದಕಾರಣ ಕಾಯಿಯನ್ನು ಕೂಡಿಸಿದ ದಿನವೇ ಅದರ ಪಕ್ಕದಲ್ಲಿ ಅಂಕಿಯನ್ನೂ ಬರೆಯಿಸಿ, ಬರೆದ ಅಂಕಿಯನ್ನು ಮತ್ತೆ ಕಾಯಿಯಲ್ಲಿ ತೋರಿಸೆಂದು ಕೇಳುವುದು ಒಳ್ಳೆಯದು. ಹಸಿದ ಮಗುವಿನ ಕೈಗೆ ಕಡಲೆಕಾಯಿ ಕೊಟ್ಟು ಎಣಿಸಿಸಿ ಮತ್ತೆ ಚೀಲಕ್ಕೆ ಸುರಿದುಕೊಳ್ಳುವುದು ಲೆಕ್ಕದ ಪಾಠವಲ್ಲ, ನಿಷ್ಠುರತೆಯ ಪಾಠ. ಅಂತಹ ಕಡೆ ಹುಣಸೆಯ ಬೀಜವೇ ಲೇಸು, ಇಲ್ಲವೆ ಎಣಿಸಿದುದನ್ನು ತಿನ್ನಲು ಬಿಡಬೇಕು.

ಇನ್ನು ಈ ಪಾಠದಲ್ಲಡಗಿರುವ ಎರಡನೆಯ ನೀತಿಯನ್ನು ನೋಡೋಣ. ಎಣಿಸುವುದಕ್ಕೆ ನಿಯಮಗಳು ಮುಖ್ಯವಾಗಿ ಎರಡು: ಒಂದನ್ನೂ ಬಿಡಕೂಡದು, ಒಂದನ್ನೂ ಎರಡು ಸಲ ಎಣಿಸಕೂಡದು. ಮಕ್ಕಳು ಮೊದಲು ತಪ್ಪುವುದು ಇಲ್ಲಿಯೇ. ಬೆರಳು ಒಂದು ಕಾಯನ್ನು ಹಾರಿಹೋಗುತ್ತದೆ, ಇಲ್ಲವೆ ತನಗೆ ಪ್ರಿಯವಾದ ದಪ್ಪ ಕಾಯಿಗೆ ಎರಡು ಸಲ ಬಂದು ನಿಲ್ಲುತ್ತದೆ. ಈ ಎರಡು ನಿಯಮಗಳನ್ನು ವಾಚಕರು ಇನ್ನೊಮ್ಮೆ ಓದಿಕೊಳ್ಳಲಿ. ಇವು ಗಣಿತದ ನಿಯಮಗಳಷ್ಟೇ ಆಗಿವೆಯೆ, ನ್ಯಾಯದ ನಿಯಮಗಳೂ ಆಗಿವೆಯೆ? ಹನ್ನೆರಡನೆಯ ಶತಮಾನದ ನಮ್ಮ ರಾಜಾದಿತ್ಯನು ತನ್ನ ಕನ್ನಡ ಗ್ರಂಥಕ್ಕೆ 'ವ್ಯವಹಾರಗಣಿತ'ವೆಂದು ಹೆಸರಿಟ್ಟನು. ವ್ಯವಹಾರವೆಂದರೆ ಕೊಡುಕೊಳ್ಳುವಿಕೆ ಮಾತ್ರವಲ್ಲ. ಮನುಷ್ಯನು ಮನುಷ್ಯನೊಡನೆ ನಡೆದುಕೊಳ್ಳುವ ರೀತಿಯೂ ವ್ಯವಹಾರವೇ. ಕಣದಲ್ಲಿ ರಾಶಿಯನ್ನು ಅಳೆಯುವಾಗ ಮೊದಲ ಕೊಳಗವನ್ನು "ಒಂದು" ಎನ್ನದೆ "ಲಾಭ" ಎನ್ನುವ ಸಂಪ್ರದಾಯವು ಕನ್ನಡ ತೆಲುಗು ಸೀಮೆಗಳಲ್ಲಿ ಹಳೆಯದು. ಹೆಸರನ್ನು ನಮ್ಮ ಆಸೆಗೆ ತಕ್ಕಂತೆ ಇಟ್ಟುಕೊಳ್ಳಬಹುದು. ಆದರೆ ಅದರ ಮುಂದಿನದು "ಎರಡು" ಆಗಲೇಬೇಕು. ಲಾಭವೆಂದ ಬಾಯಿಯೇ ಆ ಕೊಳಗವನ್ನು ಲೆಕ್ಕದಿಂದ ಬಿಟ್ಟು ಮುಂದಿನದನ್ನು "ಒಂದು" ಎಂದರೆ, ಎದುರಿಗೆ ನಿಂತ ರೈತನಿಗೆ ಒಂದು ಕೊಳಗ ನಷ್ಟ. ಅದನ್ನು ಗುರುತಿಸಿ "ಸ್ವಾಮಿ, ಅದು ಎರಡು" ಎನ್ನುವ ಧೈರ್ಯವು ಅವನಿಗೆ ಬರಬೇಕಾದರೆ, ಅವನು ಎಳೆತನದಲ್ಲಿ ಕಾಯನ್ನು ತಾನೇ ಮುಟ್ಟಿ ಎಣಿಸಿದವನಾಗಿರಬೇಕು. ಬರೆದುಕೊಂಡವನ ಪುಸ್ತಕದಲ್ಲಿ ಏನಿದೆಯೋ ಅದೇ ಸಾಲವೆಂದು ಹೆಬ್ಬೆರಳನ್ನು ಒತ್ತಿದ ತಲೆಮಾರುಗಳ ಕಷ್ಟವನ್ನು ಬಲ್ಲವರಿಗೆ ಈ ಮಾತು ಅತಿಶಯೋಕ್ತಿಯಾಗಿ ತೋರಲಾರದು.

ಇಂದಿನ ಲೆಕ್ಕಗಳು ಬೇರೆ ರೂಪದಲ್ಲಿ ಬಂದಿವೆ. ತಿರುಮಣಿ ಮೊದಲಾದ ಐದು ಗ್ರಾಮಗಳ ಸುಮಾರು ೧೩,೦೦೦ ಎಕರೆ ನೆಲದ ಮೇಲೆ ೨,೦೫೦ ಮೆಗಾವ್ಯಾಟ್ ಶಕ್ತಿಯ ಸೌರವಿದ್ಯುತ್ ಉದ್ಯಾನವು ಎದ್ದಿದೆ. ರೈತರು ನೆಲವನ್ನು ಮಾರಲಿಲ್ಲ. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರ ಏರಿಕೆ, ಎಂಬ ಗೇಣಿಗೆ ಕೊಟ್ಟರು. ಎರಡು ಎಕರೆ ಒಂದು ಕಡೆ, ಮೂರು ಎಕರೆ ಇನ್ನೊಂದು ಕಡೆ ಉಳ್ಳವನಿಗೆ ಮೊದಲ ವರ್ಷ ೧,೦೫,೦೦೦ ರೂಪಾಯಿ. ಲೆಕ್ಕವು ಸರಿಯಾಗಿದೆ, ಬರಗಾಲದ ನೆಲಕ್ಕೆ ಈ ಹಣವು ಸಣ್ಣದೂ ಅಲ್ಲ. ಆದರೆ ಅದೇ ನೆಲದಲ್ಲಿ ಕಳೆ ಕಿತ್ತು ಕಾಯಿ ಬಿಡಿಸಿ ಕೂಲಿಯಿಂದ ಬಾಳುತ್ತಿದ್ದ, ಒಂದು ಗುಂಟೆಯೂ ಸ್ವಂತವಿಲ್ಲದ ಮನೆಗಳು ಈ ಗೇಣಿಯ ಯಾವ ಸಾಲಿನಲ್ಲಿ ಬರುತ್ತವೆ? ಕೂಡಿದ ಮೊತ್ತದಲ್ಲಿ ತಪ್ಪಿಲ್ಲದಿದ್ದರೂ, ಕೂಡುವುದಕ್ಕೆ ಮುಂಚೆ ಯಾರನ್ನು ಎಣಿಕೆಗೆ ತೆಗೆದುಕೊಂಡೆವೆಂಬ ಪ್ರಶ್ನೆ ಉಳಿದೇ ಇರುತ್ತದೆ. ಆಟದಲ್ಲಿ ತೀರ ಚಿಕ್ಕ ಮಗುವನ್ನು ಸೇರಿಸಿಕೊಂಡು ಅದರ ಸೋಲುಗೆಲವನ್ನು ಎಣಿಸದಿರುವುದಕ್ಕೆ "ಆಟಕ್ಕುಂಟು, ಲೆಕ್ಕಕ್ಕಿಲ್ಲ" ಎಂದು ನಮ್ಮ ಜನ ಹೇಳುತ್ತಾರೆ. ಆಟದಲ್ಲಿ ಅದು ವಾತ್ಸಲ್ಯ. ಊರಿನ ಬಾಳಿನಲ್ಲಿ ಅದು ಅನ್ಯಾಯ.

ಮನುಷ್ಯರನ್ನು ಎಣಿಸುವ ವಿಷಯದಲ್ಲಿ ನಮ್ಮ ನುಡಿಯೇ ಒಂದು ಎಚ್ಚರಿಕೆಯನ್ನು ಇಟ್ಟುಕೊಂಡಿದೆ. ಎರಡು ಕಾಯಿ, ಮೂರು ಕಾಯಿ ಎನ್ನುವ ನಾವು ಎರಡು ಅಕ್ಕ, ಮೂರು ಅಣ್ಣ ಎನ್ನುವುದಿಲ್ಲ. ಇಬ್ಬರು ಅಕ್ಕಂದಿರು, ಮೂವರು ಅಣ್ಣಂದಿರು ಎನ್ನುತ್ತೇವೆ. ನೆರೆಯ ತೆಲುಗಿನಲ್ಲಿಯೂ "ಇದ್ದರು, ಮುಗ್ಗುರು" ಎಂಬ ಬೇರೆ ಮಾತುಗಳೇ ಇವೆ. ಲೆಕ್ಕವೇನೋ ಒಂದೇ: ಇಬ್ಬರೂ ಮೂವರೂ ಐವರೇ. ಆದರೆ ಈ ಐವರನ್ನು ಆ ಐದರಂತೆ ಒಂದು ಚೀಲದಲ್ಲಿ ತುಂಬಲಾಗದು. ಒಂದು ಹೋದರೆ ಇನ್ನೊಂದನ್ನು ಅದರ ಜಾಗದಲ್ಲಿಟ್ಟು ಲೆಕ್ಕ ಸರಿಹೋಯಿತೆನ್ನಲಾಗದು. ಕಾಯಿಗಳನ್ನು ಎಣಿಸಿ ಮುಗಿಸಿದ ಮಗುವನ್ನು "ನಮ್ಮ ಮನೆಯಲ್ಲಿ ನಾವೆಷ್ಟು ಮಂದಿ?" ಎಂದು ಕೇಳಿ ನೋಡಬೇಕು. ಅದು ಒಬ್ಬೊಬ್ಬರ ಹೆಸರನ್ನೂ ಹೇಳಿ ಬೆರಳು ಮಡಿಸುತ್ತದೆ. ದುಡಿಯಲು ಬೆಂಗಳೂರಿಗೆ ಹೋದ ತಂದೆಯನ್ನು ಬಿಡುವುದಿಲ್ಲ. ಬಹಳ ಸಲ ತನ್ನನ್ನು ತಾನೇ ಎಣಿಸಿಕೊಳ್ಳಲು ಮರೆಯುತ್ತದೆ. ಆಗ ಅದನ್ನು ಮುಟ್ಟಿ, "ನೀನೂ ಒಬ್ಬ" ಎಂದು ನೆನಪಿಸುವುದು ಹಿರಿಯರ ಕೆಲಸ.

ಕಡೆಯದಾಗಿ ಒಂದು ಆಕ್ಷೇಪವನ್ನು ಕುರಿತು ಹೇಳಬೇಕಾಗಿದೆ. ಸಂಭಾವಿತ ಗೃಹಸ್ಥರು ಬಾಯಿಬಿಟ್ಟು ಹೇಳದಿದ್ದರೂ ಅವರ ಮನಸ್ಸಿನಲ್ಲಿ ಇದು ಇರುವುದುಂಟು. ಹಿರಿಯರ ಮಾತನ್ನು ಪರೀಕ್ಷಿಸುವುದನ್ನು ಐದನೆಯ ವರ್ಷದಲ್ಲಿಯೇ ಕಲಿಸಿದರೆ, ಹದಿನೈದನೆಯ ವರ್ಷದಲ್ಲಿ ಮಗನು ತಂದೆಯನ್ನು ಲೆಕ್ಕಕ್ಕಿಡುವನೆ? ವಿನಯವು ಏನಾಗಬೇಕು? ಈ ಭಯವು ನಿರಾಧಾರವಲ್ಲ. ಎಲ್ಲವನ್ನೂ ತಾನೇ ಪರೀಕ್ಷಿಸಿ ನಂಬುವೆನೆಂದು ಹೊರಟ ಮಗುವು ವಿಷದ ಕಾಯನ್ನೂ ಪರೀಕ್ಷಿಸೀತು. ನಂಬಿಕೆಯಿಲ್ಲದೆ ಬಾಳುವೆ ಸಾಗದು. ಆದರೆ ಗಮನಿಸಬೇಕಾದುದೊಂದಿದೆ. ಮಗುವು ಕಾಯನ್ನು ಎಣಿಸಿ "ಆರಲ್ಲಪ್ಪ, ಐದು" ಎಂದಾಗ ಅದು ತಂದೆಯನ್ನು ಗೆಲ್ಲಲಿಲ್ಲ. ತಂದೆಯೂ ಮಗುವೂ ಕೂಡಿ ಮೂರನೆಯದೊಂದಕ್ಕೆ ತಲೆಬಾಗಿದರು. ಅದನ್ನು ಮಗುವು ಕಟ್ಟಲಿಲ್ಲ, ತಂದೆಯೂ ಕಟ್ಟಲಿಲ್ಲ. ರಾಜಾಜ್ಞೆಯಿಂದಲೂ ಅದು ಬದಲಾಗದು. ತನಗಿಂತ ದೊಡ್ಡದಾದುದೊಂದರ ಮುಂದೆ ತಂದೆಯು ಬಾಗುವುದನ್ನು ಕಂಡ ಮಗುವಿಗೆ ವಿನಯದ ನಿಜವಾದ ಅರ್ಥವು ತಿಳಿಯುತ್ತದೆ. ತಾನು ತಪ್ಪಿದಾಗ "ಹೌದು ಮಗು, ನೀನು ಹೇಳಿದ್ದೇ ಸರಿ" ಎಂದ ತಂದೆಯು, "ಆ ಕಾಯಿ ವಿಷ, ಮುಟ್ಟಬೇಡ" ಎಂದಾಗ ಅದು ಹೆಚ್ಚು ನಂಬುವುದೋ, ಕಡಿಮೆ ನಂಬುವುದೋ? ಪರೀಕ್ಷಿಸಬಹುದಾದ ಕಡೆ ಪರೀಕ್ಷೆಗೆ ಒಪ್ಪಿಕೊಂಡವನ ಮಾತೇ ಪರೀಕ್ಷಿಸಲಾಗದ ಕಡೆ ನಂಬಿಕೆಗೆ ಅರ್ಹ.

ಇದೇ ಕಾರಣದಿಂದ, ಮಗುವನ್ನು ಪರೀಕ್ಷಿಸುವ ನೆವದಿಂದ ಸುಳ್ಳು ಲೆಕ್ಕ ಹೇಳುವವರೂ ಎಚ್ಚರವಾಗಿರಬೇಕು. ತನ್ನನ್ನು ತಿದ್ದಲು ಕರೆಯುತ್ತಿದ್ದಾರೆಂದು ಮಗುವಿಗೆ ಗೊತ್ತಿದ್ದರೆ ಅದು ಆಟ, ಗೊತ್ತಿಲ್ಲದಿದ್ದರೆ ವಂಚನೆ.

ಆದುದರಿಂದ ನಮ್ಮ ಮನೆಗಳಲ್ಲಿ ಈ ಪಾಠವನ್ನು ಶಾಲೆಗೆ ಮಾತ್ರ ಬಿಟ್ಟುಕೊಡದೆ, ಸಂಜೆಯ ಹೊತ್ತು ಕಡಲೆಕಾಯಿ ಬಿಡಿಸುವಾಗ, ಹುಣಸೆಯ ಬೀಜ ತೆಗೆಯುವಾಗ, ಐದು ನಿಮಿಷವಾದರೂ ಮಕ್ಕಳನ್ನು ಹತ್ತಿರ ಕೂಡಿಸಿಕೊಂಡು ನಡೆಸುವುದು ಯೋಗ್ಯವೆಂದು ತೋರುತ್ತದೆ. ಮಗುವು ತಡವಾಗಿ ಉತ್ತರ ಹೇಳಿದರೆ ಕಾಯಬೇಕು. ತಪ್ಪು ಹೇಳಿದರೆ, "ತಪ್ಪು" ಎನ್ನದೆ, ಮತ್ತೆ ಎಣಿಸಲು ಹೇಳಬೇಕು. ಸರಿಯಾಗಿ ಹೇಳಿದಾಗಲೂ ಒಮ್ಮೊಮ್ಮೆ ಹಾಗೆಯೇ ಹೇಳಬೇಕು. ಇಲ್ಲವಾದರೆ "ಮತ್ತೆ ಎಣಿಸು" ಎಂಬುದೇ "ತಪ್ಪು" ಎಂಬುದರ ಇನ್ನೊಂದು ಹೆಸರಾಗುತ್ತದೆ. ಎರಡನೆಯ ಸಲವೂ ಎಣಿಸಿ, ನಮ್ಮ ಮುಖವನ್ನು ನೋಡದೆ, ಅದೇ "ಐದು" ಎಂದ ಮಗುವಿಗೆ ಕೂಡುವ ಲೆಕ್ಕವು ಬಂದಿತೆಂದು ತಿಳಿಯಬಹುದು.